ವಿನಾಯಿತಿ ಬೇಡವೆಂದವಳು

ನಾಗಶ್ರೀ ಏನೋ ಕೇಸಿನಲ್ಲಿ ಸಿಕ್ಕಿಕೊಂಡಿದ್ದಾಳೆ ಎಂಬುದು ಅವಳ ತಾಯಿ ಸುವರ್ಣಮ್ಮನಿಗೆ ಗೊತ್ತಾದದ್ದು ರೇಷ್ಮೆ ಹುಳುವಿನ ಮನೆಯಲ್ಲಿ, ಎರಡೂ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದು ನಿಂತಿದ್ದಾಗ. ಬಾಯಿಬಿಟ್ಟವಳು ದೀಪಶ್ರೀ. ನಾಗಶ್ರೀಯ ಜೊತೆ ಹೈಸ್ಕೂಲು ಓದಿ, ಈಗ ಕೊಳ್ಳೇಗಾಲದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿರುವವಳು. ರಜೆಗೆ ಬಂದ ಗೆಳತಿಯನ್ನು ನೋಡಲು ಸ್ಕೂಟರ್ ಹತ್ತಿ ಮಧುವನಹಳ್ಳಿಗೆ ಬಂದವಳು, ಹುಳುವಿನ ಮನೆಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು.

"ಸೋಮವಾರದ ಹಿಯರಿಂಗಿಗೆ ನಮ್ಮ ಆಫೀಸಿಗೇ ಬಂದ್ಬಿಡು ಕಣೇ. ಫೈಬರ್ ಲೈನ್ ಐತೆ, ಯುಪಿಎಸ್ ಐತೆ. ಕರೆಂಟ್ ಓದ್ರೂ ತಲೆಕೆಡಿಸ್ಕೊಬೇಡ."

ನಾಗಶ್ರೀ ಕಣ್ಣಿನಲ್ಲೇ ಸುಮ್ಮನಿರು ಎಂದಳು. ಹೊತ್ತು ಮೀರಿತ್ತು. ಸದ್ದು ಹುಳುಗಳಿಗೆ ಆಗದೆಂದು ಸುವರ್ಣಮ್ಮ ಹುಳುವಿನ ಮನೆಯಲ್ಲಿ ಎಂದೂ ದನಿ ಎತ್ತುವವಳಲ್ಲ. ಸೊಪ್ಪನ್ನು ತಟ್ಟೆಯ ಮೇಲೆ ಹರಡಿ, ಕೈ ಒರೆಸಿಕೊಂಡು, ಹೊರಗೆ ಬಂದು, ಬಾಗಿಲು ಎಳೆದುಕೊಂಡಳು. ಆಮೇಲೆ ಶುರುಮಾಡಿದಳು.

"ಏನಮ್ಮಿ ಮಾಡ್ಕಂಡಿದ್ದೀಯೆ ಅಲ್ಲಿ? ಯಾರಿಗೇನು ಮಾಡ್ದೆ? ಆಸ್ಪತ್ರೇಲಿ ಯಾರಾದ್ರೂ ಸತ್ತೋದ್ರಾ?"

"ಯಾರೂ ಸತ್ತಿಲ್ಲ ಕಣವ್ವ. ನನ್ ಮೇಲೆ ಕೇಸಿಲ್ಲ. ಕೇಸು ಆಕಿರೋಳೇ ನಾನು."

"ಯಾರ ಮೇಲೆ?"

"ಅಲ್ಲಿನ ಸರ್ಕಾರದ ಒಂದು ಆಫೀಸಿನ ಮೇಲೆ."

ಸುವರ್ಣಮ್ಮ ಜಗಲಿಯ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಗಲಾಟೆ ಕೇಳಿ ನಾಗಶ್ರೀಯ ಅಪ್ಪ ಪುಟ್ಟಮಾದಪ್ಪ ಹಿತ್ತಲಿನಿಂದ ಬಂದ. ಪಕ್ಕದ ಮನೆಯಿಂದ ಚಿಕ್ಕಪ್ಪ ಶಿವಕುಮಾರಸ್ವಾಮಿಯೂ ಬಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನಾಗಶ್ರೀ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದಳು.

ಅವಳು ಜರ್ಮನಿಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸಾಗಿರುವುದು ಮನೆಯವರಿಗೆಲ್ಲ ಗೊತ್ತಿತ್ತು. ಭಾನುವಾರ ಬಂದರೆ ಯಾವುದೋ ಕ್ಲಬ್ಬಿಗೆ ಹೋಗುತ್ತಾಳೆ ಎಂಬುದೂ ಗೊತ್ತಿತ್ತು. ಸುವರ್ಣಮ್ಮ ಅದನ್ನು ತಮ್ಮೂರ ಸ್ತ್ರೀಶಕ್ತಿ ಸಂಘದಂಥದ್ದು ಅಂದುಕೊಂಡಿದ್ದಳು. ಕ್ಲಬ್ಬಿನಲ್ಲಿ ನಡೆಯುತ್ತಿದ್ದುದು ಬೇರೆ. ಅಲ್ಲಿ ನಾಗಶ್ರೀ ಗ್ಲೈಡರ್ ಹಾರಿಸುವುದನ್ನು ಕಲಿಯುತ್ತಿದ್ದಳು.

"ಅಂದ್ರೆ?" ಎಂದ ಪುಟ್ಟಮಾದಪ್ಪ.

"ಇಮಾನ ಕಣಪ್ಪ. ಎಂಜಿನ್ ಇರಾಕಿಲ್ಲ."

"ಎಂಜಿನ್ ಇಲ್ದಿರೋ ಇಮಾನವಾ?" ಎಂದು ಮೂವರೂ ಒಟ್ಟಿಗೇ ಕೇಳಿದರು.

ಪುಟ್ಟಮಾದಪ್ಪ ಕೊಳ್ಳೇಗಾಲ ಡಿಪೋದಲ್ಲಿ ಬಸ್ ಡ್ರೈವರಾಗಿ ನಿವೃತ್ತನಾದವನು. ಮಾದೇಶ್ವರನ ಬೆಟ್ಟದ ತಿರುವುಗಳಲ್ಲಿ ಆಯುಷ್ಯ ಕಳೆದವನು. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಗಾಡಿ ಬಿಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮಗಳ ಮುಖವನ್ನೇ ನೋಡುತ್ತ ಕೇಳಿದ: "ಒಬ್ಳೇ ಓಡ್ಸಿದ್ದೀಯಾ?"

"ಊಂ."

ಸುವರ್ಣಮ್ಮ ತಲೆಗೆ ಕೈ ಹೊತ್ತು, "ಮೂರು ವರ್ಸದಿಂದ ನಂಗೆ ಸುಳ್ಳು ಏಳ್ಕಂಡು ಬಂದವ್ಳೆ," ಎಂದು ಗೋಡೆಗೆ ಹೇಳಿದಳು.

ಕೇಸಿನ ಕತೆ ಇಷ್ಟು. ಯೂರೋಪಿನಲ್ಲಿ ಹಿಂದೆ ಒಂದೊಂದು ದೇಶಕ್ಕೂ ಒಂದೊಂದು ಕಾನೂನಿತ್ತು. ಈ ದೇಶದಲ್ಲಿ ಗ್ಲೈಡರ್ ಕಲಿತವನು ಆ ದೇಶಕ್ಕೆ ಹೋದರೆ ಕಲಿತದ್ದೆಲ್ಲ ಲೆಕ್ಕಕ್ಕಿಲ್ಲ ಎನ್ನುವಂತಿತ್ತು. ಆಮೇಲೆ ಎಲ್ಲ ದೇಶಗಳೂ ಕೂತು, ಎಲ್ಲರಿಗೂ ಒಂದೇ ನಿಯಮದ ಪುಸ್ತಕ ಮಾಡಿಕೊಂಡವು. ಹೇಗೆ ಕಲಿಸಬೇಕು, ಯಾವಾಗ ಒಬ್ಬರೇ ಹಾರಬಹುದು, ಪರೀಕ್ಷೆ ಹೇಗೆ, ಎಲ್ಲ ಒಂದೇ. ಒಂದು ಕಡೆ ಕೊಟ್ಟ ಲೈಸೆನ್ಸು ಎಲ್ಲ ಕಡೆಯೂ ನಡೆಯಬೇಕು. ಒಂದು ಕಡೆ ಅರ್ಧ ಕಲಿತಿದ್ದರೆ ಇನ್ನೊಂದು ಕಡೆ ಉಳಿದರ್ಧ ಮುಂದುವರಿಸಬಹುದು. ನಾಗಶ್ರೀ ಜರ್ಮನಿಯಲ್ಲಿ ಮುಕ್ಕಾಲು ಭಾಗ ಕಲಿತಿದ್ದಳು, ಒಬ್ಬಳೇ ಹಾರಿಯೂ ಆಗಿತ್ತು. ಆಗ ಅವಳ ಸಂಸ್ಥೆ ಗಡಿಯ ಹೊಳೆಯಾಚೆಗಿನ ದೇಶದಲ್ಲಿ ಹೊಸ ಮನೆ ತೆರೆದು ಅವಳನ್ನು ಅಲ್ಲಿಗೆ ವರ್ಗಮಾಡಿತು. ಅಲ್ಲಿನ ಕ್ಲಬ್ಬಿನವರು ಕೈ ಚಾಚಿ ಸೇರಿಸಿಕೊಂಡರು. ಅಲ್ಲಿನ ಲೈಸೆನ್ಸು ಆಫೀಸು ಮಾತ್ರ ಅಡ್ಡ ನಿಂತಿತು. ಹೊರಗಡೆ ಕಲಿತವರು ಮೊದಲಿನಿಂದ ಕಲಿಯಬೇಕು, ಒಬ್ಬರೇ ಹಾರುವುದನ್ನೂ ನಮ್ಮವರ ಮುಂದೆಯೇ ಹೊಸದಾಗಿ ಶುರುಮಾಡಬೇಕು, ಇದು ನಮ್ಮ ದೇಶದ ಹೆಚ್ಚುವರಿ ಷರತ್ತು ಎಂದಿತು. ನಾಗಶ್ರೀ ಒಪ್ಪಲಿಲ್ಲ. ಒಂದು ಇಡೀ ಬೇಸಿಗೆ ಬೇರೆಯವರು ಹಾರುವಾಗ ಅವಳು ನೆಲದಲ್ಲಿ ನಿಂತು ರೆಕ್ಕೆ ಒರೆಸಿದಳು, ಗ್ಲೈಡರನ್ನು ಮೇಲೇರಿಸುವ ಕೇಬಲ್ ಎಳೆದಳು, ಮತ್ತು ಮೇಲ್ಮನವಿ ಹಾಕಿದಳು.

"ನಮ್ ಲೈಸೆನ್ಸು ಪಾಲಾರ್ ಚೆಕ್‌ಪೋಸ್ಟ್ ದಾಟಿ ತಮಿಳ್ನಾಡಿಗೆ ಓದ್ರೆ ನಡೆಯಾಕಿಲ್ಲ ಅಂದಂಗಾಯ್ತು," ಎಂದ ಪುಟ್ಟಮಾದಪ್ಪ.

"ಅಂಗೇ ಕಣಪ್ಪ. ಪುಸ್ತಕ ನಡೀತದೆ ಅಂತದೆ, ಆ ಆಫೀಸು ನಡೆಯಾಕಿಲ್ಲ ಅಂತದೆ."

ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದ ಶಿವಕುಮಾರಸ್ವಾಮಿ ಮೆಲ್ಲಗೆ ನಕ್ಕ. ಆಫೀಸು ಎಂದರೇನು ಎಂದು ಆ ಮನೆಯಲ್ಲಿ ತಿಳಿದವನು ತಾನೊಬ್ಬನೇ ಎಂಬ ನಗು ಅದು. "ಆಫೀಸು ಯಾವ ದೇಸದ್ದಾದ್ರೂ ಆಫೀಸೇ ಕಣಮ್ಮಿ. ಅದ್ರ ಜೊತೆ ಗುದ್ದಾಡ್ಬಾರ್ದು."

* * *

ಶುಕ್ರವಾರ ಆ ಆಫೀಸಿನಿಂದ ಮೇಲ್ ಬಂತು. ಓದಿದಾಗ ನಾಗಶ್ರೀಗೆ ಮೊದಲು ಸಂತೋಷವೇ ಆಯಿತು. ಎರಡನೆಯ ಸಲ ಓದಿದಾಗ ಮೈ ಉರಿಯಿತು.

ನೀವು ನಮ್ಮ ವೃದ್ಧರಿಗೆ ಮಾಡುತ್ತಿರುವ ಸೇವೆಯನ್ನು ಗಮನದಲ್ಲಿಟ್ಟುಕೊಂಡು ನಿಮಗೊಬ್ಬರಿಗೆ ವಿಶೇಷ ವಿನಾಯಿತಿ ಕೊಡಲು ಸಿದ್ಧರಿದ್ದೇವೆ, ನಿಮ್ಮ ಹಳೆಯ ತರಬೇತಿಯನ್ನು ಒಪ್ಪುತ್ತೇವೆ, ಆದರೆ ಮೇಲ್ಮನವಿಯನ್ನು ಹಿಂದಕ್ಕೆ ಪಡೆಯಬೇಕು, ಎಂದಿತ್ತು ಅದರಲ್ಲಿ. ಕೆಳಗೆ ಆಫೀಸಿನ ಹಿರಿಯ ಅಧಿಕಾರಿ ರೋಲಾಂಡ್ ಎಂಬವನ ಸಹಿ.

"ಗೆದ್ದೆಯಲ್ಲೇ!" ಎಂದು ಫೋನಿನಲ್ಲೇ ಕೂಗಿದಳು ದೀಪಶ್ರೀ. "ಈಗ್ಲೇ ಒಪ್ಗೆ ಅಂತ ಬರ್ದು ಕಳ್ಸು."

"ಕಳ್ಸಲ್ಲ."

"ಯಾಕೇ?"

"ನಂಗೆ ಕೊಡ್ತಾರೆ. ಮಿರೆಲಾಗೆ ಕೊಡಲ್ಲ."

ಮಿರೆಲಾ ಹೊಸ ದೇಶದ ಕ್ಲಬ್ಬಿನವಳು, ಬೇಕರಿಯಲ್ಲಿ ಕೆಲಸ ಮಾಡುವ ರುಮೇನಿಯಾದ ಹುಡುಗಿ. ತನ್ನ ದೇಶದಲ್ಲಿ ಕಲಿತು ಬಂದಿದ್ದಳು. ಅವಳಿಗೂ ಆಫೀಸು ಮೊದಲಿಂದ ಶುರುಮಾಡು ಎಂದಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ, ಕ್ಲಬ್ಬಿಗೆ ಬರುವುದನ್ನೇ ಬಿಟ್ಟಳು.

"ಮಿರೆಲಾ ನಿನ್ನ ಕಕ್ಷಿದಾರಳೇನೇ?" ಎಂದಳು ದೀಪಶ್ರೀ. "ನೋಡು, ನಾನು ದಿನಾ ನೋಡ್ತೀನಿ. ರಾಜಿಗೆ ಬಂದಾಗ ಒಪ್ಕೊಂಡೋರು ಮನೇಗೆ ಓಗಿ ಊಟ ಮಾಡ್ತಾರೆ. ಒಪ್ದೇ ಇರೋರು ಕೋರ್ಟಿನ ಬೇವಿನ ಮರದ ಕೆಳ್ಗೇ ಮುದುಕರಾಗ್ತಾರೆ."

ಸಂಜೆ ಶಿವಕುಮಾರಸ್ವಾಮಿಯೂ ಅದನ್ನೇ ಹೇಳಿದ. "ಆಫೀಸು ತಾನಾಗೇ ಬಗ್ಗೈತೆ. ಬಗ್ಗಿದಾಗ ತಕಂಡು ಎದ್ದು ಬಂದ್ಬುಡ್ಬೇಕು ಕಣಮ್ಮಿ. ಇನ್ನೊಬ್ರ ಉಸಾಬರಿ ನಿಂಗ್ಯಾಕೆ?"

"ಅವ್ರು ಬಗ್ಗಿಲ್ಲ ಚಿಕ್ಕಪ್ಪ. ನಾನು ಬಗ್ಗಲಿ ಅಂತ ಜಾಗ ಬಿಟ್ಟವ್ರೆ."

ಅವಳ ಹಟದ ಹಿಂದೆ ಇನ್ನೊಂದು ಕಾರಣವಿತ್ತು. ಮೈಸೂರಿನಲ್ಲಿ ನರ್ಸಿಂಗ್ ಮುಗಿಸಿ, ಐಸಿಯುನಲ್ಲಿ ಕೆಲಸ ಮಾಡಿ, ಸಾಯುವವರನ್ನು ಉಳಿಸಿ ಜರ್ಮನಿಗೆ ಹೋದವಳು ಅವಳು. ಅಲ್ಲಿ ಇಳಿದ ಮೇಲೆ ಅವಳ ಪದವಿಯನ್ನು ಒಪ್ಪುವವರೆಗೆ ಸಹಾಯಕಿಯ ಕೆಲಸ ಕೊಟ್ಟರು. ಹಾಸಿಗೆ ಬದಲಿಸು, ತಟ್ಟೆ ತೊಳೆ, ಇಂಜೆಕ್ಷನ್ನು ಮುಟ್ಟಬೇಡ. ತನಗಿಂತ ಚಿಕ್ಕವಳೊಬ್ಬಳು ತಪ್ಪು ತಪ್ಪಾಗಿ ರಕ್ತನಾಳ ಹುಡುಕುತ್ತಿದ್ದರೆ ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ಭಾರತಕ್ಕೂ ಅವರಿಗೂ ನಡುವೆ ಒಂದೇ ನಿಯಮ ಎಂಬುದು ಇರಲಿಲ್ಲ, ವಾದಿಸಲು ನೆಲವೇ ಇರಲಿಲ್ಲ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಇನ್ನೊಮ್ಮೆ ಕಲಿತಳು, ಇನ್ನೊಮ್ಮೆ ಪರೀಕ್ಷೆ ಬರೆದಳು. ಆ ದಿನಗಳನ್ನು ನೆನೆದರೆ ಈಗಲೂ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಈ ಸಲ ಹಾಗಲ್ಲ. ಈ ಸಲ ನಿಯಮ ಅವಳ ಕಡೆ ಇತ್ತು, ಎಲ್ಲ ದೇಶಗಳೂ ಸಹಿ ಹಾಕಿದ ನಿಯಮ. ಅದನ್ನು ಕೈಯಲ್ಲಿ ಹಿಡಿದುಕೊಂಡೂ ದಯೆ ಬೇಡುವುದಾದರೆ ನಿಯಮ ಯಾಕೆ?

* * *

ಭಾನುವಾರ ಸುವರ್ಣಮ್ಮ ಮಗಳನ್ನು ಶಾಗ್ಯಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದ ಅಕ್ಕ ದೊಡ್ಡಮಾದಮ್ಮನ ಬಾಯಿಂದ ಬುದ್ಧಿ ಹೇಳಿಸುವ ಆಸೆ. ದೊಡ್ಡಮಾದಮ್ಮ ಹೊಟ್ಟೆ ತುಂಬ ಮುದ್ದೆ ಹುರುಳಿಸಾರು ಇಕ್ಕಿ, ವಿಷಯ ಕೇಳಿ, ಗಟ್ಟಿಯಾಗಿ ನಕ್ಕು, ಒಂದು ಬುದ್ಧಿಯನ್ನೂ ಹೇಳದೆ ಕಳಿಸಿದಳು. ಸುವರ್ಣಮ್ಮನಿಗೆ ಅಕ್ಕನ ಮೇಲೂ ಕೋಪ ಬಂತು.

ಹಿಂದಿರುಗುವಾಗ ಹನೂರಿನ ಬಸ್ಸಿಗಾಗಿ ರಸ್ತೆಬದಿಯ ಹುಣಸೆ ಮರದ ಕೆಳಗೆ ಇಬ್ಬರೇ ನಿಂತರು. ಎದುರಿಗೆ ಉತ್ತ ಹೊಲ. ಮಧ್ಯಾಹ್ನದ ಬಿಸಿಲಿಗೆ ಮಣ್ಣು ಕಾದು, ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿದ್ದವು.

"ಅದೇ ಕಣವ್ವ," ಎಂದಳು ನಾಗಶ್ರೀ. "ಅದ್ದು ರೆಕ್ಕೆ ಆಡ್ಸ್ತಾ ಇಲ್ಲ ನೋಡು, ಆದ್ರೂ ಮೇಲಕ್ಕೆ ಓಯ್ತಾ ಅದೆ. ಕಾದಿರೋ ನೆಲದಿಂದ ಬಿಸಿ ಗಾಳಿ ಏಳ್ತದೆ. ಅದ್ರ ಒಳಗೇ ಸುತ್ತಿದ್ರೆ ಅದೇ ಎತ್ಕೊಂಡು ಓಯ್ತದೆ. ನಾವೂ ಅಂಗೇ."

"ಅದ್ದಿಗೆ ದೇವ್ರು ರೆಕ್ಕೆ ಕೊಟ್ಟವ್ನೆ. ನಿಂಗ್ಯಾರು ಕೊಟ್ರು?"

"ಎಲ್ಗಾ ಅಂತ ಒಬ್ಬಳು ಮುದುಕಿ."

ಸುವರ್ಣಮ್ಮ ನಗಲಿಲ್ಲ. ಹದ್ದುಗಳನ್ನೇ ನೋಡುತ್ತ ಕೇಳಿದಳು, "ಒಬ್ಳೇ ಓದಾಗ ಎದರ್ಕೆ ಆಗ್ಲಿಲ್ವಾ?"

ಆಯಿತು ಎಂದಳು ನಾಗಶ್ರೀ. ಜರ್ಮನಿಯ ಕ್ಲಬ್ಬಿನಲ್ಲಿ ಅವಳಿಗೆ ಕಲಿಸುತ್ತಿದ್ದ ಹೆಲ್ಗಾ ಮುಂಚೆ ಏನೂ ಹೇಳಿರಲಿಲ್ಲ. ಇಬ್ಬರೂ ಹಾರಿ ಇಳಿದ ಮೇಲೆ ತನ್ನ ಬೆಲ್ಟು ಬಿಚ್ಚಿ ಕೆಳಗಿಳಿದು, ಹಿಂದಿನ ಸೀಟಿನ ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿ, ಈಗ ನೀನೊಬ್ಬಳೇ ಹೋಗಿ ಬಾ ಎಂದಳು. ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ತಲೆಯ ಮೇಲೆ ಗಾಜಿನ ಮುಚ್ಚಳ ಹಾಕಿಯಾಗಿತ್ತು. ಬಯಲಿನ ಆ ತುದಿಯಲ್ಲಿದ್ದ ಯಂತ್ರ ಕೇಬಲ್ ಎಳೆಯಿತು, ಬೆನ್ನು ಸೀಟಿಗೆ ಒತ್ತಿತು, ನೆಲ ಜಾರಿಹೋಯಿತು. ಮೇಲೆ ಹೋಗಿ ಕೇಬಲ್ ಬಿಟ್ಟಾಗ ಒಂದು ಟಕ್ ಎಂಬ ಶಬ್ದ. ಆಮೇಲೆ ಗಾಳಿಯ ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದಿನ ಸೀಟು ಖಾಲಿ. ಬಯ್ಯುವವರಿಲ್ಲ, ಹೇಳಿಕೊಡುವವರಿಲ್ಲ. ಎಡಕ್ಕೆ ತಿರುಗಬೇಕೆಂದರೆ ತಾನೇ ತಿರುಗಬೇಕು.

"ಅಳು ಬಂತು ಕಣವ್ವ. ಎದರ್ಕೆಗಲ್ಲ. ಅಲ್ಲಿಗೆ ಓದ್ಮೇಲೆ ನನ್ ಕೈಯನ್ನ ನಂಬಿ ಒಂದು ಕೆಲ್ಸ ಕೊಟ್ಟದ್ದು ಅದೇ ಮೊದ್ಲು."

ಬಸ್ಸು ಬಂತು. ಸುವರ್ಣಮ್ಮ ಹತ್ತುತ್ತ, "ಅದನ್ನ ಮತ್ತೆ ಮೊದ್ಲಿಂದ ಕಲೀ ಅಂತಾನಾ ಆ ಆಫೀಸ್ನೋನು?" ಎಂದಳು.

"ಊಂ."

"ಅವ್ನ ಬಾಯಿಗೆ ಮಣ್ಣಾಕ," ಎಂದು ಕಿಟಕಿಯ ಸೀಟು ಹಿಡಿದು ಕೂತಳು. ಆದರೂ ಮನೆ ಮುಟ್ಟುವಷ್ಟರಲ್ಲಿ ಅವಳ ಮನಸ್ಸು ತಿರುಗಿತ್ತು. ಕೊಡ್ತೀನಿ ಅಂದೋನ ಹತ್ತಿರ ಈಸ್ಕೊಂಡು ಕೇಸು ಮುಗಿಸು ಎಂದು ಹೊಸಲಿನಲ್ಲೇ ನಿಂತು ಹೇಳಿದಳು. ಎಂಜಿನ್ ಇಲ್ಲದ ವಿಮಾನಕ್ಕಿಂತ ಸರ್ಕಾರದ ಜೊತೆಗಿನ ಜಗಳವೇ ಅವಳಿಗೆ ಹೆಚ್ಚಿನ ಅಪಾಯವಾಗಿ ಕಂಡಿತ್ತು.

* * *

ಸೋಮವಾರ ಮಧ್ಯಾಹ್ನ ದೀಪಶ್ರೀಯ ಆಫೀಸಿನಲ್ಲಿ ಲ್ಯಾಪ್‌ಟಾಪಿನ ಮುಂದೆ ನಾಗಶ್ರೀ ಕೂತಾಗ ಯೂರೋಪಿನಲ್ಲಿ ಇನ್ನೂ ಬೆಳಗು. ಪುಟ್ಟಮಾದಪ್ಪ ತಾನೂ ಬರುತ್ತೇನೆಂದು ಬೈಕು ತೆಗೆದು ಮಗಳನ್ನು ಕರೆತಂದಿದ್ದ. ಈಗ ಬಾಗಿಲ ಹೊರಗಿನ ಬೆಂಚಿನ ಮೇಲೆ, ಕಕ್ಷಿದಾರರ ನಡುವೆ ಇನ್ನೊಬ್ಬ ಕಕ್ಷಿದಾರನಂತೆ ಕೂತಿದ್ದ.

ಪರದೆಯ ಮೇಲೆ ಮುಖಗಳು ಮೂಡಿದವು. ಮೇಲ್ಮನವಿ ಮಂಡಳಿಯ ಅಧ್ಯಕ್ಷೆ, ಗಿಡ್ಡ ಬಿಳಿಗೂದಲಿನ ಹೆಂಗಸು. ಅವಳ ಪಕ್ಕದ ಚೌಕದಲ್ಲಿ ರೋಲಾಂಡ್, ಕಡುನೀಲಿ ಕೋಟು, ತುಂಬ ಸಭ್ಯವಾದ ನಗು. ಸಾಕ್ಷಿಯಾಗಿ ಹೆಲ್ಗಾ, ತನ್ನ ಅಡಿಗೆಮನೆಯಲ್ಲಿ. ನಾಗಶ್ರೀಗಾಗಿ ವಿಚಾರಣೆಯನ್ನು ಇಂಗ್ಲಿಷಿನಲ್ಲಿ ನಡೆಸಲು ಒಪ್ಪಿದ್ದರು.

ಮೊದಲು ರೋಲಾಂಡ್ ಮಾತಾಡಿದ. ನಿಯಮ ಒಂದೇ ಇರಬಹುದು, ಆದರೆ ನಮ್ಮ ಕಣಿವೆಗಳ ಗಾಳಿ ಬೇರೆ, ನಮ್ಮ ಷರತ್ತಿನ ಉದ್ದೇಶ ಸುರಕ್ಷತೆ ಮಾತ್ರ, ಎಂದ. ಕೊನೆಗೆ ಮೆತ್ತಗೆ ಸೇರಿಸಿದ: "ಅರ್ಜಿದಾರರು ಈಗ ಭಾರತದಿಂದ ಮಾತಾಡುತ್ತಿದ್ದಾರೆ. ಅವರು ನಮ್ಮ ದೇಶದಲ್ಲಿ ಎಷ್ಟು ಕಾಲ ಇರುತ್ತಾರೋ ನಮಗೆ ತಿಳಿಯದು."

ನಾಗಶ್ರೀಯ ಕಿವಿ ಬಿಸಿಯಾಯಿತು. ದೀಪಶ್ರೀ ಕ್ಯಾಮೆರಾಕ್ಕೆ ಕಾಣದಂತೆ ಅವಳ ಮೊಣಕೈ ಹಿಡಿದಳು.

ಹೆಲ್ಗಾಳನ್ನು ಕೇಳಿದರು. ಅರ್ಜಿದಾರರನ್ನು ಒಬ್ಬರೇ ಹಾರಲು ಕಳಿಸಿದಾಗ ಅವರ ಸಾಮರ್ಥ್ಯದ ಬಗ್ಗೆ ನಿಮಗೆ ಖಾತರಿಯಿತ್ತೇ?

"ಹೊಸಬರನ್ನು ಒಬ್ಬರೇ ಕಳಿಸಿದಾಗ ನಾನು ಕಣ್ಣು ಮಿಟುಕಿಸದೆ ಮೇಲೆ ನೋಡುತ್ತ ನಿಲ್ಲುತ್ತೇನೆ," ಎಂದಳು ಹೆಲ್ಗಾ. "ಇವಳು ಎರಡನೆಯ ಸಲ ಹೋದಾಗ ನಾನು ಕಾಫಿ ಕುಡಿಯಲು ಹೋದೆ."

ಅಧ್ಯಕ್ಷೆಯ ತುಟಿಯಂಚಿನಲ್ಲಿ ನಗೆ ಸುಳಿಯಿತು. ಈಗ ನೀವು ಹೇಳಿ ಎಂದು ನಾಗಶ್ರೀಯತ್ತ ತಿರುಗಿದಳು. ಸರಿಯಾಗಿ ಆಗಲೇ ಪರದೆ ಹೆಪ್ಪುಗಟ್ಟಿತು. ಕರೆಂಟಿತ್ತು, ಯುಪಿಎಸ್ ಇತ್ತು, ಲೈನು ಮಾತ್ರ ಸತ್ತಿತ್ತು. ಕೆಳಗಿನ ರಸ್ತೆಯಲ್ಲಿ ಚರಂಡಿ ಅಗೆಯುತ್ತಿದ್ದ ಜೆಸಿಬಿ ಕೇಬಲ್ಲನ್ನು ಕಿತ್ತುಹಾಕಿತ್ತು.

"ಟೆರೇಸಿಗೆ ಓಡು!" ಎಂದಳು ದೀಪಶ್ರೀ. "ಅಲ್ಲಿ ಫೋನ್ ಸಿಗ್ನಲ್ ಚೆನ್ನಾಗದೆ."

ನಾಗಶ್ರೀ ಫೋನು ಹಿಡಿದು ಮೆಟ್ಟಿಲು ಹತ್ತಿದಳು. ಹಿಂದೆಯೇ ಪುಟ್ಟಮಾದಪ್ಪ. ಟೆರೇಸಿನಲ್ಲಿ ಉರಿಬಿಸಿಲು. ಸುತ್ತ ಕೊಳ್ಳೇಗಾಲದ ತಾರಸಿಗಳು, ನೀರಿನ ಟ್ಯಾಂಕುಗಳು, ಕೆಳಗೆ ಆಟೋಗಳ ಹಾರನ್ನು. ನೀರಿನ ಟ್ಯಾಂಕಿನ ಕಟ್ಟೆಗೆ ಫೋನು ಒರಗಿಸಿಟ್ಟು ಮತ್ತೆ ಒಳಸೇರಿದಾಗ ಬಿಸಿಲಿಗೆ ಪರದೆಯೇ ಕಾಣುತ್ತಿರಲಿಲ್ಲ. ಪುಟ್ಟಮಾದಪ್ಪ ಹೆಗಲ ಮೇಲಿನ ಟವಲು ತೆಗೆದು, ಎರಡೂ ಕೈಯಲ್ಲಿ ಅಗಲಿಸಿ, ಫೋನಿಗೆ ನೆರಳು ಹಿಡಿದು ನಿಂತ.

"ಕ್ಷಮಿಸಿ," ಎಂದಳು ನಾಗಶ್ರೀ. "ನಮ್ಮ ರಸ್ತೆಯಲ್ಲಿ ಚರಂಡಿ ಕೆಲಸ ನಡೆದಿದೆ."

"ಮುಂದುವರಿಸಿ," ಎಂದಳು ಅಧ್ಯಕ್ಷೆ.

"ನಿಮ್ಮ ಕಣಿವೆಯ ಗಾಳಿ ಬೇರೆ ಅಂತ ರೋಲಾಂಡ್ ಅವರು ಹೇಳಿದರು. ಒಪ್ಪುತ್ತೇನೆ. ಹೊಸ ಜಾಗಕ್ಕೆ ಯಾರು ಬಂದರೂ ಕ್ಲಬ್ಬಿನ ಶಿಕ್ಷಕರು ಜೊತೆಯಲ್ಲಿ ಹಾರಿ ಅಲ್ಲಿನ ಗಾಳಿ ಕಲಿಸುತ್ತಾರೆ. ನನಗೂ ಕಲಿಸಲಿ. ಆದರೆ ಅವರದೇ ದೇಶದ ಇನ್ನೊಂದು ಮೂಲೆಯಿಂದ, ಬೆಟ್ಟವೇ ಇಲ್ಲದ ಬಯಲಿನಿಂದ ಒಬ್ಬ ವಿದ್ಯಾರ್ಥಿ ಬಂದರೆ, ಮೊದಲಿಂದ ಶುರುಮಾಡು ಅಂತ ಅವನಿಗೆ ಹೇಳುತ್ತಾರೆಯೇ? ದಯವಿಟ್ಟು ಅವರನ್ನು ಕೇಳಿ."

ಅಧ್ಯಕ್ಷೆ ಕೇಳಿದಳು. ರೋಲಾಂಡ್ ಕನ್ನಡಕ ತೆಗೆದು ಒರೆಸಿದ.

"ಇಲ್ಲ. ಅವರಿಗೆ ಹಾಗೆ ಹೇಳುವುದಿಲ್ಲ."

"ಹಾಗಾದರೆ ನೀವು ನೋಡುತ್ತಿರುವುದು ಗಾಳಿಯನ್ನಲ್ಲ," ಎಂದಳು ನಾಗಶ್ರೀ. "ಗಡಿಯನ್ನು."

ರೋಲಾಂಡ್‌ನ ಸಭ್ಯ ನಗು ಮಾಯವಾಯಿತು. "ನಾವು ಅರ್ಜಿದಾರರಿಗೆ ವಿನಾಯಿತಿ ಕೊಡಲು ಮುಂದೆ ಬಂದಿದ್ದೇವೆ," ಎಂದ. "ಈಗಲೂ ಅದು ಇದೆ. ಇಂದೇ ಕೊಡುತ್ತೇವೆ. ಇದಕ್ಕಿಂತ ಹೆಚ್ಚು ಅವರಿಗೆ ಏನು ಬೇಕು ಎಂಬುದೇ ನನಗೆ ತಿಳಿಯುತ್ತಿಲ್ಲ."

ಅಧ್ಯಕ್ಷೆ ಪರದೆಯ ಹತ್ತಿರಕ್ಕೆ ಬಾಗಿದಳು. "ನಾನು ನಿಮಗೆ ಸ್ಪಷ್ಟವಾಗಿ ಹೇಳಬೇಕು. ಈ ವಿನಾಯಿತಿಯನ್ನು ಒಪ್ಪಿದರೆ ನೀವು ಹಿಂದಿರುಗಿದ ಕೂಡಲೇ ಹಾರಬಹುದು. ಒಪ್ಪದಿದ್ದರೆ ನಾವು ತೀರ್ಪು ಕೊಡಬೇಕಾಗುತ್ತದೆ. ಅದು ನಿಮ್ಮ ವಿರುದ್ಧವೂ ಬರಬಹುದು. ಆಗ ಈ ವಿನಾಯಿತಿಯೂ ಇರುವುದಿಲ್ಲ. ಒಪ್ಪುತ್ತೀರಾ?"

ಕೆಳಗೆ ಜೆಸಿಬಿ ಗುರುಗುಟ್ಟಿತು. ದೀಪಶ್ರೀ ಮೆಟ್ಟಿಲ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಒಪ್ಕೋ ಒಪ್ಕೋ ಎಂದು ಸನ್ನೆ ಮಾಡುತ್ತಿದ್ದಳು. ನಾಗಶ್ರೀ ಅತ್ತ ನೋಡಿ ಮುಖ ತಿರುಗಿಸಿದಳು. ಒಂದು ಹೂಂ ಅಂದರೆ ಮುಂದಿನ ತಿಂಗಳೇ ಮೇಲಿರಬಹುದು. ಆ ಸುಯ್ ಎನ್ನುವ ಗಾಳಿ, ಆ ಖಾಲಿ ಹಿಂದಿನ ಸೀಟು. ಅದಕ್ಕಾಗಿ ಅವಳ ಮೈಯೆಲ್ಲ ಹಸಿದಿತ್ತು. ಇಲ್ಲವೆನ್ನಲಾಗದಷ್ಟು ಹಸಿದಿತ್ತು.

"ನೋ," ಎಂದಳು. ದನಿ ಸರಿಯಾಗಿ ಹೊರಡಲಿಲ್ಲವೆನಿಸಿ ಇನ್ನೊಮ್ಮೆ, ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ನೋ. ಒಪ್ಪುವುದಿಲ್ಲ. ತಪ್ಪು ಮಾಡಿದವರಿಗೆ ವಿನಾಯಿತಿ. ನಾನು ಏನೂ ತಪ್ಪು ಮಾಡಿಲ್ಲ. ಬೇರೆ ಬೇರೆ ಕಾನೂನು ಬೇಡ, ಒಂದೇ ಇರಲಿ ಅಂತ ನಿಮ್ಮ ದೇಶಗಳೇ ಕೂತು ಬರೆದವು. ನಾನು ಬರೆಸಲಿಲ್ಲ. ನೀವು ಬರೆದದ್ದನ್ನು ನೀವು ನಡೆಸಿ ಅಂತ ಕೇಳುತ್ತಿದ್ದೇನೆ. ನನಗೂ ನಡೆಸಿ, ನನ್ನ ಹಿಂದೆ ಬರುವವರಿಗೂ ನಡೆಸಿ. ನನ್ನ ಮೇಲೆ ಕನಿಕರ ಬೇಡ."

ಟವಲು ಹಿಡಿದ ಪುಟ್ಟಮಾದಪ್ಪನ ಕೈ ಸೋತಿತ್ತು. ಇಳಿಸಲಿಲ್ಲ.

ಅಧ್ಯಕ್ಷೆ ಏನೋ ಬರೆದುಕೊಂಡಳು. ತೀರ್ಪನ್ನು ಮೇಲ್ ಮಾಡುತ್ತೇವೆ ಎಂದಳು. ಮುಖಗಳು ಒಂದೊಂದಾಗಿ ಆರಿಹೋದವು.

"ನಿಂಗೆ ಉಚ್ಚು ಇಡ್ದದೆ," ಎಂದಳು ದೀಪಶ್ರೀ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಎಂಥ ವಕೀಲನಿಗಾದ್ರೂ ನಿನ್ನಂಥ ಕಕ್ಷಿದಾರಳು ಬ್ಯಾಡಪ್ಪ." ಹೇಳಿದ ಮೇಲೆ ಓಡಿಹೋಗಿ ಮೂವರಿಗೂ ಎಳನೀರು ತರಿಸಿದಳು.

ಪುಟ್ಟಮಾದಪ್ಪ ಮಗಳನ್ನು ಬೈಕಿನಲ್ಲಿ ಊರಿಗೆ ಕರೆದೊಯ್ದ. ಊರು ಹತ್ತಿರ ಬಂದಾಗ ತಲೆ ಹಿಂದಕ್ಕೆ ತಿರುಗಿಸದೆ ಹೇಳಿದ: "ಇಂಗ್ಲೀಸು ನಂಗೆ ಅರ್ಥ ಆಗ್ಲಿಲ್ಲ ಕಣಮ್ಮಿ. ನೋ ಅಂದದ್ದು ಮಾತ್ರ ಅರ್ಥ ಆಯ್ತು. ಸರ್ಯಾಗಿ ಅಂದೆ."

* * *

ಮುಂದಿನ ದಿನಗಳು ಮನೆಯಲ್ಲಿ ಕಷ್ಟದವು. ಸುವರ್ಣಮ್ಮ ಮಗಳಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಶಿವಕುಮಾರಸ್ವಾಮಿ ಬಂದವರಿಗೆಲ್ಲ ಈ ಕತೆ ಹೇಳಿ, ಬಾಗಿಲಿಗೆ ಬಂದದ್ದನ್ನು ಒದ್ದು ಕಳಿಸಿದಳು ಎಂದು ನಿಟ್ಟುಸಿರುಬಿಡುತ್ತಿದ್ದ. ನಾಗಶ್ರೀ ಸೊಪ್ಪು ಕೊಯ್ದಳು, ಹುಳುವಿಗೆ ಹಾಕಿದಳು, ಹುಳು ಗೂಡು ಕಟ್ಟುವುದನ್ನು ನೋಡಿದಳು. ಒಳಗೊಳಗೇ ಹೆದರಿಕೆಯಿತ್ತು. ಸೋತರೆ ಇನ್ನೂ ಮೇಲಿನ ಕೋರ್ಟಿಗೆ ಹೋಗುವುದೆಂದು ತೀರ್ಮಾನಿಸಿದ್ದಳು, ಆದರೆ ಅಷ್ಟು ಬೇಸಿಗೆಗಳು ನೆಲದ ಮೇಲೆಯೇ ಕಳೆದುಹೋಗುತ್ತವಲ್ಲ ಎಂಬ ಸಂಕಟ ಬಿಡುತ್ತಿರಲಿಲ್ಲ.

ರಜೆ ಮುಗಿಯುವ ವಾರ ಯಳಂದೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಎಲ್ಲರೂ ಹೋಗಿದ್ದರು. ಶಾಮಿಯಾನದ ಕೆಳಗೆ ಎಲೆಯ ಮುಂದೆ ಕೂತು, ಪಾಯಸಕ್ಕೆ ಕೈ ಹಾಕುವಾಗ ನಾಗಶ್ರೀಯ ಫೋನು ಸದ್ದು ಮಾಡಿತು. ಎಡಗೈಯಲ್ಲೇ ತೆರೆದಳು. ಓದುತ್ತ ಓದುತ್ತ ಅವಳ ಬಲಗೈ ಎಲೆಯ ಮೇಲೆ ಹಾಗೇ ನಿಂತಿತು.

"ಏನು?" ಎಂದಳು ಪಕ್ಕದಲ್ಲಿದ್ದ ಸುವರ್ಣಮ್ಮ. ವಾರಗಳ ನಂತರ ಆಡಿದ ಮೊದಲ ಮಾತು.

ಮಂಡಳಿ ಅವಳ ಪರವಾಗಿ ತೀರ್ಪು ಕೊಟ್ಟಿತ್ತು. ಎಲ್ಲ ದೇಶಗಳಿಗೂ ಒಂದೇ ಎಂಬ ನಿಯಮವನ್ನು ಒಪ್ಪಿಕೊಂಡ ಮೇಲೆ ಹೀಗೆ ಹೆಚ್ಚುವರಿ ಷರತ್ತು ಹಾಕುವಂತಿಲ್ಲ, ಇನ್ನೊಂದು ಸದಸ್ಯ ದೇಶದಲ್ಲಿ ಪಡೆದ ತರಬೇತಿಯನ್ನು ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯಬೇಕು, ಈಗಾಗಲೇ ತಿರಸ್ಕರಿಸಿದ ಎಲ್ಲ ಅರ್ಜಿಗಳನ್ನೂ ಆಫೀಸು ಮತ್ತೆ ನೋಡಬೇಕು, ಎಂದಿತ್ತು. ಒಂದು ತೊಡಕೂ ಇತ್ತು. ಅವಳು ಬಹಳ ಕಾಲ ಹಾರದೆ ಇದ್ದುದರಿಂದ, ಒಬ್ಬಳೇ ಹಾರುವ ಮೊದಲು ಶಿಕ್ಷಕರ ಜೊತೆ ಹಾರಿ ಕೈ ಕುದುರಿಸಿಕೊಳ್ಳಬೇಕು, ಆಮೇಲೆ ಪರೀಕ್ಷೆ.

ಎದುರು ಸಾಲಿನಲ್ಲಿದ್ದ ಶಿವಕುಮಾರಸ್ವಾಮಿ ಎಲ್ಲವನ್ನೂ ಕೇಳಿ ತಲೆ ಅಲ್ಲಾಡಿಸಿದ. "ನೋಡ್ದಾ? ಅವತ್ತೇ ಊಂ ಅಂದಿದ್ರೆ ನೇರ ಓಗಿ ಆರಬೋದಿತ್ತು. ಈಗ ಮತ್ತೆ ಮೇಷ್ಟ್ರು ಜೊತೆ ಕೂರ್ಬೇಕು. ಏನು ಗೆದ್ದಂಗಾಯ್ತು?"

"ಅದು ಎಲ್ಲರಿಗೂ ಇರೋ ನಿಯಮ ಚಿಕ್ಕಪ್ಪ. ತುಂಬ ದಿನ ಆರದೇ ಇದ್ರೆ ಯಾರಾದ್ರೂ ಮಾಡ್ಬೇಕು. ಸಂತೋಸವಾಗಿ ಮಾಡ್ತೀನಿ."

"ಆದ್ರೂ, ಬಂದದ್ದನ್ನ ಬಿಟ್ಯಲ್ಲ..."

ಸುವರ್ಣಮ್ಮ ಎಲೆಯಿಂದ ತಲೆಯೆತ್ತಿದಳು. "ಸುಮ್ಕಿರಪ್ಪ ಶಿವಕುಮಾರ. ಅಷ್ಟು ವರ್ಸ ಆಫೀಸಲ್ಲಿ ಕುಂತಿದ್ಯಲ್ಲ, ಕಾನೂನಿನ ಪರ್ಕಾರ ಬರ್ಬೇಕಾದ್ದನ್ನೂ ನಿಮ್ಮೋರು ದಯ ಮಾಡ್ದಂಗೇ ಕೊಡ್ತಿದ್ರಿ. ಜನ ಕೈ ಮುಕ್ಕಂಡು ಈಸ್ಕೊಂಡು ಓಯ್ತಿದ್ರು. ನಾನೂ ಬಂದು ನಿಂತಿದ್ದೆ, ಜಮೀನಿನ ಪಾಣಿ ಪತ್ರಕ್ಕೆ. ಇವ್ಳು ಈಸ್ಕೊಳ್ಳಿಲ್ಲ. ಅಷ್ಟೇ."

ಸಾಲಿನಲ್ಲಿ ಯಾರೋ ನಕ್ಕರು. ಶಿವಕುಮಾರಸ್ವಾಮಿ ಅನ್ನ ಕಲಸಿಕೊಳ್ಳತೊಡಗಿದ. ನಾಗಶ್ರೀ ತಾಯಿಯನ್ನೇ ನೋಡುತ್ತಿದ್ದಳು. ಸುವರ್ಣಮ್ಮ ಮಗಳ ಕಡೆ ತಿರುಗಲಿಲ್ಲ. "ಪಾಯಸ ಆರೋಯ್ತದೆ, ಉಣ್ಣು," ಎಂದಳು.

ನಾಗಶ್ರೀ ಹಿಂದಿರುಗಿದ ಮೇಲೆ ಬೇಕರಿಗೆ ಹೋಗಿ ಮಿರೆಲಾಳನ್ನು ಹಿಡಿದು ತೀರ್ಪಿನ ಪ್ರತಿ ಕೈಗಿಟ್ಟಳು. ಮಿರೆಲಾ ಹಿಟ್ಟಿನ ಕೈಯಲ್ಲೇ ಓದಿ, ಮರುವಾರದಿಂದ ಕ್ಲಬ್ಬಿಗೆ ಬಂದಳು. ಬೇಸಿಗೆ ಕಾಲಿಟ್ಟಾಗ ನಾಗಶ್ರೀಯ ಪರೀಕ್ಷೆ ನಡೆಯಿತು. ಪರೀಕ್ಷಕ ಆಫೀಸಿನವನೇ, ಬಿಗಿಮುಖದವನು, ಇಳಿದ ಮೇಲೂ ಹೊಗಳಲಿಲ್ಲ. ಕೈ ಕುಲುಕಿ, ಪಾಸು ಎಂದು ಹೇಳಿ ಹೋದ. ಬಯಲಿನ ಹುಲ್ಲಿನ ಮೇಲೆ ಕೂತು ನಾಗಶ್ರೀ ಮನೆಗೆ ಫೋನು ಮಾಡಿದಳು.

"ಸಿಕ್ತಾ?" ಎಂದಳು ಸುವರ್ಣಮ್ಮ.

"ಸಿಕ್ತು ಕಣವ್ವ. ಇನ್ಮೇಲೆ ಅಲ್ಲಿನ ಯಾವ ದೇಸದಲ್ಲಾದ್ರೂ ಓಡಿಸ್ಬೋದು. ಯಾರೂ ತಡೆಯಂಗಿಲ್ಲ."

"ಗೆದ್ದದ್ದಾಯ್ತಲ್ಲ. ಇನ್ನಾದ್ರೂ ಈ ಆರೋದನ್ನ ಬಿಡ್ತೀಯಾ?"

"ಬಿಡಾಕಿಲ್ಲ."

ಹುಳು ಸೊಪ್ಪು ಮೇಯುವ ಸರಸರ ಮಾತ್ರ ಫೋನಿನಲ್ಲಿ ಕೇಳುತ್ತಿತ್ತು. ಸುವರ್ಣಮ್ಮ ಹುಳುವಿನ ಮನೆಯಲ್ಲಿದ್ದಳು, ಬಯ್ಯಬೇಕೆಂದರೆ ಹೊರಗೆ ಬರಬೇಕಿತ್ತು. ಅವಳು ಬರಲಿಲ್ಲ.